ನಕ್ಕೋ ಅಂದ ಮಾವುತ

ನಾನು ಚಿಕ್ಕವನಿದ್ದಾಗ ಆನೆಯ ವಿಷಯದಲ್ಲಿ ನನಗೆ ಭಾರಿ ಜಂಬ. ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಮೈಸೂರಿನಿಂದ ಮಲ್ಕಾಜ್‌ಗಿರಿಗೆ ಬಂದು ಎರಡೇ ವಾರವಾಗಿತ್ತು. ಇಲ್ಲಿನ ಹುಡುಗರ ತೆಲುಗು, ಹಿಂದಿ ಒಂದಕ್ಷರ ತಿಳಿಯದು. ಆದರೂ ನನ್ನಷ್ಟು ಆನೆ ಕಂಡವರು ಇವರಲ್ಲಿ ಯಾರಿದ್ದಾರೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅಪ್ಪ ಊಟಕ್ಕೆ ಕೂತರೆ ಹಳೆಯ ಯುದ್ಧಗಳ ಕಥೆ ಶುರು. ಒಂದು ರಾತ್ರಿ ಹೇಳಿದ್ದು ಗ್ರೀಕ್ ರಾಜನೊಬ್ಬನ ಕಥೆ. ಅವನು ಹಡಗಿನಲ್ಲಿ ಆನೆಗಳನ್ನು ಸಾಗಿಸಿ ರೋಮನ್ನರ ಮೇಲೆ ನುಗ್ಗಿಸಿದನಂತೆ. ಆನೆಯನ್ನೇ ಕಾಣದ ಅವರ ಕುದುರೆಗಳು ವಾಸನೆಗೇ ಬೆದರಿ ಓಡಿದವಂತೆ. ಆಮೇಲೆ ರೋಮನ್ನರೂ ಉಪಾಯ ಕಲಿತರು. ಕಿರುಚುವ ಹಂದಿಗಳನ್ನು ಎದುರಿಗೆ ಬಿಟ್ಟರು. ಆನೆಗಳು ಹೆದರಿ, ಹಿಂದಕ್ಕೆ ತಿರುಗಿ, ತಮ್ಮವರನ್ನೇ ತುಳಿದವು. ನನ್ನ ತಲೆಯಲ್ಲಿ ಉಳಿದದ್ದು ಹಂದಿ ಮಾತ್ರ. ತುಳಿತಕ್ಕೆ ಸಿಕ್ಕವರ ಬಗ್ಗೆ ನಾನು ಯೋಚಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ನಮ್ಮ ಗಲ್ಲಿಯಲ್ಲಿ ಗಂಟೆಯ ಸದ್ದಾಯಿತು. ಮನೆಮನೆಯ ಮುಂದೆ ನಿಂತು ಅಕ್ಕಿ, ಬಾಳೆಹಣ್ಣು ಬೇಡುವ ಹೆಣ್ಣಾನೆ. ಪಕ್ಕದಲ್ಲಿ ನಡೆದು ಬರುವ ಮುದುಕ ಮಾವುತ. ಅಕ್ಕ ಒಂದು ಅಚ್ಚು ಬೆಲ್ಲ ಕೊಟ್ಟಳು. ಆನೆ ಅವಳ ತಲೆಯ ಮೇಲೆ ಸೊಂಡಿಲಿಟ್ಟಾಗ ಸುತ್ತಲೂ ಒದ್ದೆ ಹುಲ್ಲಿನ ವಾಸನೆ ಹರಡಿತು. ಅದಕ್ಕೆ ಕುಡಿಯಲು ನೀರು ತರುತ್ತೇನೆಂದು ಅಕ್ಕ ಒಳಗೆ ಹೋದಳು. ಚರಂಡಿಯ ಬಳಿ ಹಂದಿಮರಿಗಳು ಮೂತಿ ಆಡಿಸುತ್ತಿದ್ದವು. ನಾನು ಒಂದರ ಹಿಂಗಾಲು ಹಿಡಿದು ಎತ್ತಿದೆ. ಅದು ಕಿವಿ ತೂತಾಗುವಂತೆ ಅರಚಿತು.

ಆನೆ ಕಿವಿ ಅಗಲಿಸಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅಪ್ಪನ ಕಥೆ ನಿಜವೇ ಆಗಿತ್ತು. ಮಾವುತ ನನ್ನ ಕಡೆ ಕೈ ಚಾಚಿದ.

“ನಕ್ಕೋ ಬಾಬಾ, ನಕ್ಕೋ.”

ನಮ್ಮ ಮನೆಯಲ್ಲಿ ನಕ್ಕೋ ಎಂದರೆ ಬೇಕಾದಷ್ಟು ನಗು ಎಂದು. ನಾನು ನಕ್ಕೆ. ನಗುತ್ತಲೇ ಮರಿಯನ್ನು ಇನ್ನೂ ಹತ್ತಿರ ಒಯ್ದು ಅದರ ಕಾಲು ಹಿಂಡಿದೆ.

ಆನೆ ಘೀಳಿಟ್ಟು ಗಕ್ಕನೆ ತಿರುಗಿತು. ಅದರ ಪಕ್ಕೆ ತಗುಲಿ ಮಾವುತ ಬಿದ್ದ. ಅವನ ಪಾದದ ಮೇಲೆ ಆನೆಯ ಕಾಲು ಬಿತ್ತು. ಮರಿ ಜಾರಿ ಓಡಿತು. ನಾನು ನೀರಿನ ಡ್ರಮ್ಮಿನ ಹಿಂದೆ ಅಡಗಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಇಲಿಯ ಜಾಗದಲ್ಲಿ ಆನೆಯೇ ಇತ್ತು. ಓಡಿ ಬಂದ ಜನ ಅದಕ್ಕೆ ಹುಚ್ಚು ಹಿಡಿದಿದೆ ಎಂದು ಕಲ್ಲು ತೂರಿದರು. ಅದು ಓಡಲಿಲ್ಲ. ಬಿದ್ದವನ ಪಕ್ಕದಲ್ಲೇ ನಡುಗುತ್ತಾ ನಿಂತು ಏಟು ತಿಂದಿತು. ಮಾವುತ ಮಲಗಿದಲ್ಲಿಂದಲೇ ಕೈ ಜೋಡಿಸಿ ಅಳುತ್ತಿದ್ದ.

“ನಕ್ಕೋ ಮಾರೋ, ಇಸ್ಕೋ ನಕ್ಕೋ ಮಾರೋ.”

ಗಲಾಟೆ ಕೇಳಿ ಅಕ್ಕ ಹೊರಗೆ ಓಡಿ ಬಂದಳು. ಅವಳು ತರಕಾರಿಯವಳಿಂದ ಇಲ್ಲಿನ ಮಾತು ಸ್ವಲ್ಪ ಕಲಿತಿದ್ದಳು. ಡ್ರಮ್ಮಿನ ಹಿಂದಿನಿಂದ ಬಂದು, ಅವನು ಏನನ್ನುತ್ತಿದ್ದಾನೆಂದು ಮೆಲ್ಲಗೆ ಕೇಳಿದೆ.

“ನಕ್ಕೋ ಅಂದ್ರೆ ಬೇಡ ಅಂತ ಕಣೋ. ಅದನ್ನ ಹೊಡೀಬೇಡಿ ಅಂತಿದ್ದಾನೆ.”

ಅವನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಆನೆ ರಿಕ್ಷಾದ ಹಿಂದೆಯೇ ನಡೆದು ಹೋಯಿತು. ಇಬ್ಬರೂ ಮತ್ತೆ ನಮ್ಮ ಗಲ್ಲಿಗೆ ಬರಲಿಲ್ಲ. ನಾನು ಅಪ್ಪನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಭಾಷೆ ಬರದೆ ಆದ ತಪ್ಪು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು ಮಕ್ಕಳೇ. ಅವನ ಮಾತು ತಿಳಿಯದಿದ್ದರೂ ಮುಖ ತಿಳಿದಿತ್ತು. ನಗು ಎನ್ನುವವರ ಮುಖ ಹಾಗಿರುವುದಿಲ್ಲ. ಅದನ್ನು ನೋಡಿಯೂ ಮರಿಯ ಕಾಲು ಹಿಂಡಿದೆ.

ಈಗ ಮಲ್ಕಾಜ್‌ಗಿರಿಯ ಗಲ್ಲಿಗಳಿಗೆ ಆನೆ ಬರುವುದಿಲ್ಲ. ನಿಮ್ಮ ಯುದ್ಧದ ಆನೆಗಳು ಫೋನಿನ ಆಟದಲ್ಲಿವೆ. ಬಿದ್ದರೂ ಮತ್ತೆ ಏಳುತ್ತವೆ. ಕನ್ನಡ, ತೆಲುಗು, ಹಿಂದಿ ಮೂರೂ ನಿಮ್ಮ ನಾಲಿಗೆಯ ತುದಿಯಲ್ಲಿವೆ. ನಾನು ಕಚಗುಳಿ ಇಟ್ಟಾಗ ನೀವು ಬಿದ್ದು ಬಿದ್ದು ನಗುತ್ತಾ “ನಕ್ಕೋ ತಾತಾ, ನಕ್ಕೋ” ಅನ್ನುತ್ತೀರಿ. ನಾನು ತಕ್ಷಣ ಕೈ ತೆಗೆಯುತ್ತೇನೆ. ಇಷ್ಟು ಬೇಗ ಯಾಕೆ ನಿಲ್ಲಿಸಿದೆ, ಇನ್ನೂ ಮಾಡು ಎಂದು ಗೋಗರೆದರೂ ಮತ್ತೆ ಕೈ ಮುಂದೆ ಬರುವುದಿಲ್ಲ. ಯಾಕೆಂದು ನೀವು ಕೇಳುತ್ತಿದ್ದಿರಲ್ಲ, ಇದಕ್ಕೇ.