ಬಿಡುಗಡೆ ಪತ್ರದ ಕೊನೆಯ ಸಾಲು

ಮುನಿಗಂಗಮ್ಮ ಮಾಲೂರಿಗೆ ಬಂದು ಹತ್ತು ವರ್ಷವಾಗಿತ್ತು. ಆದರೂ ‘ನಮ್ಮ ಮನೆ’ ಅನ್ನುವಾಗ ಅವಳ ಬಾಯಿಗೆ ಮೊದಲು ಬರುತ್ತಿದ್ದುದು ಯಲ್ದೂರೇ. “ನಮ್ಮ ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಹೀಗೆ ಹೆಚ್ತಿರಲಿಲ್ಲ” ಅನ್ನುವಳು. ಗಂಡ ನರಸಿಂಹಪ್ಪ ಅದನ್ನು ಕೇಳಿ ನಗುತ್ತಿದ್ದ.

“ಅದ್ಯಾವ ನಿಮ್ಮ ಮನೇನೇ? ಬಿಡುಗಡೆ ತಗೊಂಡು ಬಂದ ಮನೆ ಅಲ್ವಾ ಅದು?”

“ಗಂಡನ್ನ ಬಿಟ್ಟೆ. ಮನೇನ ಯಾಕೆ ಬಿಡ್ಲಿ?” ಎಂದು ಅವಳು ತಿರುಗಿ ಕೇಳುತ್ತಿದ್ದಳು.

ಅವಳು ಹುಟ್ಟಿದ್ದು ಹೋಳೂರಿನಲ್ಲಿ. ಹೆತ್ತ ತಾಯಿಯ ಮುಖ ನೆನಪಿನಲ್ಲಿ ಉಳಿಯುವಷ್ಟು ದಿನ ಆ ತಾಯಿ ಬದುಕಲಿಲ್ಲ. ಅಪ್ಪ ಮುನಿರಾಮಪ್ಪ ರಾಗಿ ಹೊಲ, ಎತ್ತು ಅಂತ ಹೊರಗೇ ಇರುತ್ತಿದ್ದ. ಹದಿನಾಲ್ಕು ತುಂಬುವ ಹೊತ್ತಿಗೆ ಮಗಳನ್ನು ಶ್ರೀನಿವಾಸಪುರದಾಚೆಯ ಯಲ್ದೂರಿನ ಆವಲಪ್ಪನಿಗೆ ಕೊಟ್ಟ. ಸಾವಿರದೊಂಬೈನೂರ ಮೂವತ್ತನೇ ಇಸವಿ ಅದು.

ಮನೆ ತುಂಬಿದ ಮಾರನೆಯ ಬೆಳಿಗ್ಗೆ ಅತ್ತೆ ರಾಮಲಕ್ಷ್ಮಮ್ಮ ಅವಳನ್ನು ಒಲೆಯ ಮುಂದೆ ಕೂರಿಸಲಿಲ್ಲ. ಜಗಲಿಯ ಬಿಸಿಲಿಗೆ ಕರೆದುಕೊಂಡು ಹೋಗಿ, ಹರಳೆಣ್ಣೆ ಹಚ್ಚಿ, ಗಂಟು ಗಂಟಾಗಿದ್ದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು.

“ಅಲ್ಲೇ ಅಮ್ಮಾಯಿ, ನಿನ್ ತಲೆ ಯಾರೇ ಬಾಚ್ತಾ ಇದ್ದಿದ್ದು?”

“ನಾನೇ ಅತ್ತಮ್ಮ.”

“ಇನ್ಮೇಲೆ ನಾನು ಬಾಚ್ತೀನಿ, ಬಿಡು.”

ರಾಮಲಕ್ಷ್ಮಮ್ಮನ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಸಿಟ್ಟು ಬಂದರೂ ತೆಲುಗು, ಮುದ್ದು ಬಂದರೂ ತೆಲುಗು. ಸೊಸೆಗೆ ಅವಳು ಕಲಿಸಿದ್ದು ರೇಷ್ಮೆ ಹುಳ ಸಾಕುವ ಕೆಲಸ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹುಳುವಿನ ಕೋಣೆಗೆ ಒಗ್ಗರಣೆಯ ಘಾಟು ನುಗ್ಗಬಾರದು, ಹಣ್ಣಾದ ಹುಳುವನ್ನು ಮೈ ನೋಯದಂತೆ ಎತ್ತಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹುಳುಗಳು ಸೊಪ್ಪು ಮೇಯುವಾಗ ಏಳುವ ಸಣ್ಣ ಸದ್ದನ್ನು ಅತ್ತೆ ಸೊಸೆ ಇಬ್ಬರೂ ಮಾತು ನಿಲ್ಲಿಸಿ ಕೇಳುತ್ತಾ ಕೂರುತ್ತಿದ್ದರು. ಮುನಿಗಂಗಮ್ಮನಿಗೆ ಆಮೇಲೆ ಎಷ್ಟೋ ಸುಖದ ದಿನಗಳು ಬಂದವು. ಆದರೆ ಆ ಕೋಣೆಯಲ್ಲಿ ಕೂತಂಥ ನೆಮ್ಮದಿ ಮತ್ತೆ ಸಿಗಲಿಲ್ಲ.

ಆವಲಪ್ಪ ಕೆಟ್ಟವನಲ್ಲ. ಒಂದು ದಿನವೂ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಅವನ ಮನಸ್ಸು ಮಾತ್ರ ಮನೆಯಲ್ಲಿರಲಿಲ್ಲ. ಎತ್ತಿನ ವ್ಯಾಪಾರಕ್ಕೆಂದು ಮುಳಬಾಗಿಲ ಕಡೆಯ ತಾಯಲೂರಿಗೆ ಹೋದರೆ ವಾರವಾದರೂ ಬರುತ್ತಿರಲಿಲ್ಲ. ಆರು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಕೊನೆಗೊಂದು ದಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವಳ ಹತ್ತಿರ ಬಂದು ಅವನೇ ಹೇಳಿದ.

“ಗಂಗಾ, ತಾಯಲೂರಲ್ಲಿ ಆಂಜಿನಮ್ಮ ಅಂತ ಇದಾಳೆ. ನಿನ್ನ ಕಟ್ಕೊಳ್ಳೋ ಮುಂಚಿಂದ್ಲೂ ನಂಗೆ ಅವಳೇ. ಅಪ್ಪನ ಮಾತು ಮೀರೋಕೆ ಆಗ್ಲಿಲ್ಲ. ಈಗ ಅಪ್ಪ ಇಲ್ಲ. ಸವತಿ ಮೇಲೆ ಹೆಣ್ಣು ಕೊಡಲ್ಲ ಅಂತಾರೆ ಅವಳ ಮನೆಯೋರು. ನಿನ್ ಮೇಲೆ ನಂಗೇನೂ ಬೇಜಾರಿಲ್ಲ ಕಣೇ.”

ಮುನಿಗಂಗಮ್ಮ ಅಳಲಿಲ್ಲ. ಬುಟ್ಟಿ ತುಂಬುವವರೆಗೂ ಸೊಪ್ಪು ಕೊಯ್ದಳು. ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಗೊತ್ತಿದ್ದೂ ಹೆಸರಿಡದೆ ಬಿಟ್ಟಿದ್ದನ್ನು ಯಾರೋ ಬಾಯಿ ಬಿಟ್ಟು ಹೇಳಿದಂತಾಯಿತು.

ಸುದ್ದಿ ತಿಳಿದ ಮುನಿರಾಮಪ್ಪ ಕೆಂಡವಾದ. ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನೇರ ಕೋಲಾರಕ್ಕೆ ಹೊಡೆದ. ದೊಡ್ಡಪೇಟೆಯಲ್ಲಿ ಪ್ಲೀಡರ್ ಚನ್ನರಾಯಪ್ಪನವರ ಮನೆ. ಮುನಿರಾಮಪ್ಪನ ತಂದೆಯ ಕಾಲದ ಗದ್ದೆಯ ವ್ಯಾಜ್ಯದಿಂದ ಹಿಡಿದು ಆ ಮನೆಯ ಕಾಗದ ಪತ್ರವೆಲ್ಲ ನೋಡುತ್ತಿದ್ದವರು ಅವರೇ. ಹೋಳೂರಿಗೆ ಬಂದಾಗ ಇವರ ಮನೆಯ ಅವರೆಕಾಳಿನ ಸಾರು ಉಂಡು, ಮುನಿಗಂಗಮ್ಮ ಕೂಸಾಗಿದ್ದಾಗ ಎತ್ತಿಕೊಂಡಿದ್ದವರು.

“ಕೋರ್ಟಿಗೆ ಎಳೀರಿ ಸ್ವಾಮಿ ಅವನ್ನ. ನಾಲ್ಕು ಜನದ ಮುಂದೆ ಮಾನ ಹೋಗ್ಬೇಕು” ಎಂದು ಮುನಿರಾಮಪ್ಪ ಕೂಗಾಡಿದ.

ಚನ್ನರಾಯಪ್ಪನವರು ಮೂಗಿಗೆ ನಸ್ಯ ಏರಿಸಿ, ಸಾವಧಾನವಾಗಿ ಹೇಳಿದರು. “ಮದುವೆ ಬಿಡಿಸೋ ಕಾನೂನು ನಮ್ಮ ಕೋರ್ಟಲ್ಲಿಲ್ಲ, ಮುನಿರಾಮಪ್ಪ. ಜೀವನಾಂಶ ಕೇಳಬಹುದು. ಆದ್ರೆ ಈ ಹುಡುಗಿ ಜೀವಮಾನ ಪೂರ್ತಿ ಅವನ ಹೆಂಡ್ತಿಯಾಗೇ ಉಳೀತಾಳೆ. ನಿಮ್ಮ ಜನದಲ್ಲಿ ಹಿಂದಿನಿಂದ ಬಿಡುಗಡೆ ಉಂಟು, ಬಿಡುಗಡೆ ಆದವಳಿಗೆ ಕೂಡಾವಳಿ ಮದುವೆ ಉಂಟು. ಆ ವಾಡಿಕೇನ ಕೋರ್ಟೂ ಒಪ್ಪುತ್ತೆ. ಯಜಮಾನರ ಮುಂದೆ ಬಿಡುಗಡೆ ಆಗ್ಲಿ. ಆದದ್ದನ್ನ ನಾನು ಛಾಪಾ ಕಾಗದದ ಮೇಲೆ ಬರೀತೀನಿ, ರಿಜಿಸ್ಟರ್ ಮಾಡ್ಸೋಣ. ನಾಳೆ ಇವಳು ಇನ್ನೊಬ್ಬನ್ನ ಕೂಡ್ಕೊಂಡ್ರೆ ಯಾರೂ ಬೆರಳು ತೋರಿಸಬಾರ್ದು.”

ಆಮೇಲೆ ಅವರು ಅಪ್ಪನನ್ನು ಬಿಟ್ಟು ಮಗಳ ಕಡೆ ತಿರುಗಿದರು. “ನಿಂಗೇನು ಬೇಕು ತಾಯಿ?”

ಅದುವರೆಗೆ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ಕಂಬ ಹಿಡಿದು ನಿಂತಿದ್ದಳು.

“ಬಿಡುಗಡೆ ಬೇಕು ಸ್ವಾಮಿ.” ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಅಂದಳು, “ಅತ್ತಮ್ಮಾನೂ ಬೇಕು.”

ಮುನಿರಾಮಪ್ಪ ಹಣೆ ಚಚ್ಚಿಕೊಂಡ. ಚನ್ನರಾಯಪ್ಪನವರು ನಗಲಿಲ್ಲ. “ಮೂವತ್ತು ವರ್ಷದಿಂದ ವಕೀಲಿಕೆ ಮಾಡ್ತಿದೀನಿ. ಇಂಥ ಕಕ್ಷಿ ಬಂದಿರ್ಲಿಲ್ಲ. ನೋಡೋಣ” ಅಂದರು.

ಪಂಚಾಯ್ತಿಯ ದಿನದವರೆಗೆ ಮುನಿಗಂಗಮ್ಮ ಅತ್ತೆಯ ಮನೆಗೇ ಮರಳಿದಳು. ಗೊತ್ತು ಮಾಡಿದ ದಿನ ವಕೀಲರು ಸಣ್ಣ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಬಂದು, ಅಲ್ಲಿಂದ ಮಾವಿನ ತೋಪುಗಳ ನಡುವೆ ಗಾಡಿಯಲ್ಲಿ ಯಲ್ದೂರು ತಲುಪಿದರು. ಜನದ ಯಜಮಾನ ಪೆದ್ದಪ್ಪ ಹುಣಸೆಮರದ ಕೆಳಗೆ ಚಾಪೆ ಹಾಸಿಸಿ ಕಾದಿದ್ದ. ಆದರೆ ಬಿಡುಗಡೆಯಾಗಬೇಕಾದ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಬೆಳಗಾಗುವಷ್ಟರಲ್ಲಿ ಮನೆಯ ಹುಳುವೆಲ್ಲ ಒಮ್ಮೆಲೇ ಹಣ್ಣಾಗಿತ್ತು. ಗೂಡು ಕಟ್ಟಲು ಎದ್ದ ಹುಳು ನ್ಯಾಯ ಪಂಚಾಯ್ತಿಗೆ ಕಾಯುತ್ತದೆಯೇ? ವಕೀಲರು ಹೋಗಿ ನೋಡುತ್ತಾರೆ, ಅತ್ತೆ, ಮಗ, ಸೊಸೆ ಮೂವರೂ ತಟ್ಟೆಗಳ ಮುಂದೆ ಕೂತಿದ್ದಾರೆ. ಮುನಿಗಂಗಮ್ಮ ಹಣ್ಣು ಹುಳು ಆರಿಸಿ ಕೊಡುತ್ತಾಳೆ, ಆವಲಪ್ಪ ಅದನ್ನು ಚಂದ್ರಿಕೆಗೆ ಬಿಡುತ್ತಾನೆ. ಜಗಳವಾಡಲು ಸಿದ್ಧವಾಗಿ ಬಂದಿದ್ದ ಮುನಿರಾಮಪ್ಪನೂ ತಲೆಯ ವಸ್ತ್ರ ಬಿಚ್ಚಿ ಪಕ್ಕಕ್ಕಿಟ್ಟು ತಟ್ಟೆ ಹೊರಲು ಹೋದ. ಪಂಚಾಯ್ತಿ ಮಧ್ಯಾಹ್ನಕ್ಕೆ ಬಿತ್ತು.

ಮಧ್ಯಾಹ್ನ ಎಲ್ಲವೂ ಸಲೀಸಾಗಿ ನಡೆಯಿತು. ಆವಲಪ್ಪ ತನ್ನ ಮನಸ್ಸು ಹೇಳಿದ, ಹೆಂಡತಿಯ ಮೇಲೆ ದೋಷ ಹೊರಿಸಲಿಲ್ಲ. ಇವಳೂ ಒಪ್ಪಿದಳು. ವಾಡಿಕೆಯಂತೆ ತಾಳಿ ಬಿಚ್ಚಿ ಎಲೆ ಅಡಿಕೆಯ ಜೊತೆ ಅತ್ತೆಯ ಸೆರಗಿಗೆ ಹಾಕಬೇಕು. ಅಲ್ಲಿಗೆ ಸಂಬಂಧ ಮುಗಿಯಿತು.

ರಾಮಲಕ್ಷ್ಮಮ್ಮ ಸೆರಗು ಒಡ್ಡಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಕೂತುಬಿಟ್ಟಳು.

“ಹಿಡಿಯಮ್ಮ” ಎಂದ ಪೆದ್ದಪ್ಪ.

“ಹಿಡಿಯಲ್ಲ. ಅವನಿಗೆ ಬೇಡದಿದ್ರೆ ಅವನು ಹೋಗ್ಲಿ ತಾಯಲೂರಿಗೆ. ಇದಿ ನಾ ಬಿಡ್ಡ. ನನ್ನ ಮಗಳಿದು. ಇದನ್ನ ನಾನು ಯಾರಿಗೆ ಬರ್ಕೊಡ್ಲಿ?”

ಯಜಮಾನ ಗದರಿದ. ಮಗ ಬೇಡಿಕೊಂಡ. ಮುದುಕಿ ಅಲುಗಲಿಲ್ಲ. ಮುನಿಗಂಗಮ್ಮ ತಾಳಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಆಗ ಚನ್ನರಾಯಪ್ಪನವರು ಚಾಪೆಯಿಂದ ಎದ್ದು ರಾಮಲಕ್ಷ್ಮಮ್ಮನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತರು.

“ನೋಡಿ ತಾಯಿ, ಈ ಕಾಗದ ಬಿಡಿಸೋದು ಗಂಡ ಹೆಂಡ್ತೀನ. ತಾಯಿ ಮಗಳನ್ನ ಬಿಡಿಸೋ ಕಾಗದ ನಾನು ಬರ್ದೂ ಇಲ್ಲ, ಬರೆಯೋದೂ ಇಲ್ಲ. ಬೇಕಾದ್ರೆ ಅದನ್ನೂ ಇದ್ರಲ್ಲೇ ಹಾಕ್ತೀನಿ, ಕೇಳಿ.”

ಅವರು ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. “ಸದರಿ ಮುನಿಗಂಗಮ್ಮನು ರಾಮಲಕ್ಷ್ಮಮ್ಮನವರ ಮಗಳಂತೆ ಯಲ್ದೂರಿನ ಮನೆಗೆ ಯಾವಾಗ ಬೇಕಾದರೂ ಬಂದು ಹೋಗತಕ್ಕದ್ದು. ಇದಕ್ಕೆ ಆವಲಪ್ಪನಾಗಲಿ, ಮುಂದೆ ಅವನ ಮನೆಗೆ ಬರುವವರಾಗಲಿ ಅಡ್ಡಿಪಡಿಸಕೂಡದು.”

ರಾಮಲಕ್ಷ್ಮಮ್ಮ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಸೆರಗು ಒಡ್ಡಿದಳು. ತಾಳಿ ಬಿದ್ದ ಮೇಲೆ ಅದೇ ಸೆರಗಿನಿಂದ ಸೊಸೆಯ ಕಣ್ಣೊರೆಸಿದಳು.

ಶ್ರೀನಿವಾಸಪುರದ ಕಚೇರಿಯಲ್ಲಿ ಪತ್ರ ರಿಜಿಸ್ಟರ್ ಆಗುವಾಗ ಅಲ್ಲಿಯ ಅಧಿಕಾರಿ ಕೊನೆಯ ಸಾಲಿಗೆ ಬಂದು ಕನ್ನಡಕ ಎತ್ತಿದರು. “ಏನ್ರೀ ಇದು, ಬಿಡುಗಡೆ ಪತ್ರದಲ್ಲಿ ಇಂಥದ್ದೆಲ್ಲ?”

“ಬರೀಬಾರ್ದು ಅಂತ ಎಲ್ಲಿದೆ, ತೋರಿಸಿ ಸ್ವಾಮಿ” ಅಂದರು ಚನ್ನರಾಯಪ್ಪನವರು. ಅಧಿಕಾರಿ ಕನ್ನಡಕ ಇಳಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಮೊಹರು ಹಾಕಿದರು.

ಎರಡು ವರ್ಷದ ಮೇಲೆ ಮಾಲೂರಿನ ನರಸಿಂಹಪ್ಪ, ಹೆಂಡತಿ ತೀರಿಕೊಂಡಿದ್ದವನು, ಅವಳನ್ನು ಕೇಳಿಕೊಂಡು ಬಂದ. ಹೋಳೂರಿನಲ್ಲಿ ಸರಳವಾಗಿ ಕೂಡಾವಳಿ ನಡೆಯಿತು. ಹೆಣ್ಣಿನ ಕಡೆ ತಾಯಿಯ ಜಾಗದಲ್ಲಿ ಕೂರುವವರು ಯಾರು ಎಂಬ ಮಾತು ಬರುವ ಮೊದಲೇ ರಾಮಲಕ್ಷ್ಮಮ್ಮ ಹೊಸ ಸೀರೆಯುಟ್ಟು ಬಂದು ಕೂತಿದ್ದಳು. ಅವತ್ತೂ ಅವಳೇ ತಲೆ ಬಾಚಿ ಹೂ ಮುಡಿಸಿದಳು.

ಪ್ರತಿ ವರ್ಷ ಮಾವಿನ ಕಾಲಕ್ಕೆ ಮುನಿಗಂಗಮ್ಮ ಯಲ್ದೂರಿಗೆ ಹೋಗುತ್ತಿದ್ದಳು. ಆ ಮನೆಗೆ ಸೊಸೆಯಾಗಿ ಬಂದಿದ್ದ ಆಂಜಿನಮ್ಮ ಮೊದಮೊದಲು ಮಾತಿಗೆ ಸಿಗದೆ ಒಳಗೊಳಗೇ ಓಡಾಡುತ್ತಿದ್ದಳು. ಒಂದು ಸಲ ಹುಳು ಸೊಪ್ಪು ಬಿಟ್ಟು ಸುಮ್ಮನೆ ತಲೆ ಎತ್ತಿ ನಿಂತಾಗ ಆಂಜಿನಮ್ಮ ಗಾಬರಿಯಾಗಿ ಅವಳನ್ನೇ ಕರೆದಳು. “ಅಕ್ಕಾ, ಸ್ವಲ್ಪ ಬಂದು ನೋಡೇ. ಸತ್ತೋಗ್ತಾವಾ ಇವು?”

“ಜ್ವರಕ್ಕೆ ಕೂತವೆ ಕಣೇ, ಅಷ್ಟೆ. ಮುಟ್ಟಬೇಡ” ಎಂದು ಮುನಿಗಂಗಮ್ಮ ಪಕ್ಕದಲ್ಲಿ ಕೂತಳು. ಅವತ್ತಿನಿಂದ ಇಬ್ಬರಿಗೂ ಮಾತು ಬೆಳೆಯಿತು. ಛಾಪಾ ಕಾಗದವನ್ನು ತೆಗೆದು ತೋರಿಸುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

ಯುದ್ಧದ ಕಾಲದಲ್ಲಿ ಚನ್ನರಾಯಪ್ಪನವರು ತೀರಿಕೊಂಡರು. ಸುದ್ದಿ ಅವಳಿಗೆ ತಿಂಗಳು ತಡವಾಗಿ ತಿಳಿಯಿತು. ಕೋಲಾರಕ್ಕೆ ಹೋಗಿ ಆ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದಳು. ನಲವತ್ತಾರರಲ್ಲಿ ರಾಮಲಕ್ಷ್ಮಮ್ಮ ಹಾಸಿಗೆ ಹಿಡಿದಾಗ ಒಂದೂವರೆ ತಿಂಗಳು ಯಲ್ದೂರಿನಲ್ಲೇ ನಿಂತಳು. ಕೊನೆಕೊನೆಗೆ ಮುದುಕಿಗೆ ಕನ್ನಡ ಪೂರ್ತಿ ಮರೆತುಹೋಗಿ ತೆಲುಗು ಮಾತ್ರ ಉಳಿದಿತ್ತು. ಆಂಜಿನಮ್ಮ ಗಂಜಿ ಕಾಯಿಸಿ ಕೊಟ್ಟರೆ ಇವಳು ಕುಡಿಸುತ್ತಿದ್ದಳು. ಆವಲಪ್ಪ ಬಾಗಿಲಲ್ಲಿ ನಿಂತು, “ಊಟ ಮಾಡ್ದಾ ಗಂಗಾ?” ಎಂದು ಕೇಳಿ ಹೋಗುತ್ತಿದ್ದ.

ಅತ್ತಮ್ಮ ತೀರಿಕೊಂಡ ಮಾರನೆಯ ವರ್ಷವೂ ಅವಳು ಹೋದಳು. ಹಣ್ಣು ಕೊಟ್ಟರು, ಸೀರೆ ಕೊಟ್ಟರು, ಎರಡು ದಿನ ಹೆಚ್ಚಿಗೆ ಇರು ಅಂದರು. ಆದರೆ ಜಗಲಿಯ ಮೇಲೆ ಬಿಸಿಲು ಮಾತ್ರ ಬಿದ್ದಿತ್ತು, ಅಲ್ಲಿ ಯಾರೂ ಕೂತಿರಲಿಲ್ಲ. ಈ ವರ್ಷ ನರಸಿಂಹಪ್ಪ, “ಗಾಡಿ ಕಟ್ಲೇನೇ, ಸ್ಟೇಷನ್ನಿಗೆ ಬಿಡ್ತೀನಿ” ಅಂದಾಗ ಅವಳು ಮೊದಲ ಸಲ ಬೇಡ ಅಂದಳು.

“ಆಂಜಿನಮ್ಮಂಗೇ ಇಲ್ಲಿಗೆ ಬಾ ಅಂತ ಹೇಳಿ ಕಳ್ಸಿದೀನಿ. ಪಾಪ, ಅವಳೂ ಅಕ್ಕನ ಮನೆ ಅಂತ ಒಂದು ಕಡೆಗೆ ಹೋಗಿ ಬರಬೇಕಲ್ವಾ” ಅಂದಳು.