ಸಿಸಿಲತ್ತೆಯ ಶನಿವಾರ, ಗಿರಿಜಾಳ ಡಬ್ಬಿ

ಡಬ್ಬಿಯ ಮುಚ್ಚಳ ಒಂದೇ ಸಲಕ್ಕೆ ಬರಲಿಲ್ಲ. ಚಮಚದ ಹಿಡಿಯಿಂದ ಮೀಟಿದೆ, ಸೆರಗಿನ ತುದಿ ಸುತ್ತಿ ತಿರುಗಿಸಿದೆ, ಕೊನೆಗೆ ಸಿಂಕಿನ ಅಂಚಿಗೆ ಎರಡೇಟು ಹಾಕಿದ ಮೇಲೆ ಟಪ್ಪೆಂದು ಬಿಟ್ಟುಕೊಂಡಿತು. ಒಳಗೆ ಏನೂ ಇರಲಿಲ್ಲ. ಆದರೆ ವಾಸನೆ ಇತ್ತು ನೋಡಿ! ಹುಚ್ಚೆಳ್ಳು, ಒಣಮೆಣಸಿನಕಾಯಿ, ಒಂದು ಚೂರು ಇಂಗು. ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ ವಾಸನೆ, ಇನ್ನು ಸುಮ್ಮನಿರಲಾರೆ ಅನ್ನುವಂತೆ ಎದ್ದು ಬಂತು.

ನಾನು ಹುಡುಕುತ್ತಿದ್ದದ್ದು ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿ ಹಾಕಿಡಲು ಒಂದು ಡಬ್ಬಿ, ಅಷ್ಟೆ. ರಿಟೈರ್ ಆಗಿ ಕಡೂರಿಗೆ ಬಂದಾಗಿನಿಂದ ಬಿಚ್ಚದೇ ಇದ್ದ ಪೆಟ್ಟಿಗೆಯೊಂದನ್ನು ಬಿಚ್ಚಿದೆ. ಸಿಕ್ಕಿದ್ದು ಇದು. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಗಿರಿಜಾ, ಯಗಟಿ.

ಆವತ್ತು ಬೆಳಿಗ್ಗೆಯೇ ಚರ್ಚಿನಲ್ಲಿ, ಕ್ರಿಸ್‌ಮಸ್ಸಿಗೆ ಮುಂಚೆ ಬರುವ ಆಗಮನ ಕಾಲದ ಮೊದಲ ಭಾನುವಾರದ ಪೂಜೆ ಮುಗಿಸಿ ಬಂದಿದ್ದೆ. ನಮ್ಮ ಹೊಸ ಫಾದರ್ ಚಿಕ್ಕ ವಯಸ್ಸಿನವರು. ಯೇಸುಸ್ವಾಮಿ ನಾವು ನೆನೆಸದ ಗಳಿಗೆಯಲ್ಲಿ ಮತ್ತೆ ಬರುತ್ತಾರೆ, ಆದ್ದರಿಂದ ನಮ್ಮ ಮನಸ್ಸಿನ ಬ್ಯಾಟರಿ ಯಾವಾಗಲೂ ಫುಲ್ ಚಾರ್ಜ್ ಇರಬೇಕು ಎಂದು ಪ್ರಸಂಗ ಮಾಡಿದರು. ನಾನು ಕಳ್ಳಿಯ ಹಾಗೆ ಬ್ಯಾಗಿನೊಳಗೆ ಮೊಬೈಲ್ ನೋಡಿಕೊಂಡೆ. ಹನ್ನೊಂದು ಪರ್ಸೆಂಟ್. ನನಗೆ ನಗು ಬಂತು. ಎಪ್ಪತ್ತಾರು ದಾಟಿದವಳಿಗೆ, ಸ್ವಾಮಿ ಇಲ್ಲಿಗೆ ಬರುವುದಕ್ಕಿಂತ ನಾನೇ ಅಲ್ಲಿಗೆ ಹೋಗುವ ಚಾನ್ಸ್ ಜಾಸ್ತಿ. ಮಧ್ಯಾಹ್ನ ಈ ಡಬ್ಬಿ ಕೈಗೆ ಸಿಕ್ಕ ಮೇಲೆ ಆ ನಗು ಉಳಿಯಲಿಲ್ಲ.

ಇದು ಅರ್ಥವಾಗಬೇಕಾದರೆ ನಿಮಗೆ ನನ್ನ ಸೋದರತ್ತೆ ಸಿಸಿಲಿಯಮ್ಮನ ಪರಿಚಯವಾಗಬೇಕು. ನಮ್ಮ ತಂದೆಗೆ ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ. ಮಗಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಅತ್ತೆಯ ಮನೆಯಲ್ಲಿ ಬಿಟ್ಟು, ಕಾನ್ವೆಂಟಿಗೆ ಸೇರಿಸಿದರು. ಕಾನ್ವೆಂಟಿನಲ್ಲೂ ಸ್ವಾಮಿಯ ಬರೋಣಕ್ಕೆ ತಯಾರಿ ಇತ್ತು. ಸಿಸ್ಟರ್ ಹೇಳದೆ ಕೇಳದೆ ಕ್ಲಾಸಿಗೆ ನುಗ್ಗಿ "ಹ್ಯಾಂಡ್ಸ್ ಔಟ್, ಗರ್ಲ್ಸ್!" ಅನ್ನುತ್ತಿದ್ದರು. ಉಗುರು ಕ್ಲೀನ್ ಇರಬೇಕು, ಸಾಕ್ಸ್ ಬೆಳ್ಳಗಿರಬೇಕು. ಕೊನೆಯ ದಿನವೂ ಹೀಗೇ ಇರುತ್ತದೆ ಎಂದು ಅವರ ವಾದ. ಆ ಪರೀಕ್ಷೆಯಲ್ಲಿ ನಾನು ಯಾವತ್ತೂ ಫಸ್ಟ್. ಇವತ್ತಿಗೂ ನನ್ನ ಉಗುರು ನೋಡಿ ನೀವು ತಪ್ಪು ಹೇಳುವ ಹಾಗಿಲ್ಲ.

ಅತ್ತೆಯ ತಯಾರಿ ಬೇರೆ ತರಹದ್ದು. ಬೇರೆಯವರ ಪಾತ್ರೆ ಮನೆಯಲ್ಲಿ ಉಳಿಯಬಾರದು. ವಾರವಿಡೀ ಬಂದ ಬಟ್ಟಲು, ಡಬ್ಬಿ, ಜರಡಿ, ಯಾರದೋ ಒಬ್ಬಟ್ಟಿನ ತಟ್ಟೆ, ಎಲ್ಲ ಶನಿವಾರ ಸಂಜೆ ದೀಪ ಹಚ್ಚುವುದರೊಳಗೆ ಅವರವರ ಮನೆ ಸೇರಬೇಕು.

"ಸ್ವಾಮಿ ಬಂದು ಅಡುಗೆಮನೆಗೆ ಕಾಲಿಟ್ಟು, ಇದ್ಯಾರ ಪಾತ್ರೆ ಸಿಸಿಲಿ ಅಂತ ಕೇಳಿದ್ರೆ ಏನು ಹೇಳ್ಲಿ?" ಅನ್ನುವಳು.

ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಮಾವ ಬೀಡಿ ಆರಿಸುತ್ತಾ ಕೆಣಕುವರು: "ಸ್ವಾಮಿ ಬರೋದು ಮೋಡದ ಮೇಲೆ ಕಣೇ, ನಿನ್ನ ಅಡುಗೆಮನೆಗಲ್ಲ."

"ಮೋಡದಿಂದ ಇಳಿದ್ಮೇಲೆ ಕಾಫಿಗೆ ಎಲ್ಲಿಗೆ ಬತ್ತಾರಂತೆ? ನಿಮ್ ಸಿಗ್ನಲ್ ಕಂಬದ ಹತ್ರಕ್ಕಾ?"

ಆದರೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ. ಅತ್ತೆ ಅದರಲ್ಲಿ ನಾಲ್ಕು ನಿಪ್ಪಟ್ಟೋ ಹಿಡಿ ಕಡಲೆಯೋ ಹಾಕಿ ಕಳಿಸುವಳು. ನಿಪ್ಪಟ್ಟು ತಿಂದವರು ಸುಮ್ಮನಿರುತ್ತಾರೆಯೇ? ಸೋಮವಾರಕ್ಕೆ ಇನ್ನೊಂದು ಬಟ್ಟಲು ತುಂಬಿ ಬರುತ್ತಿತ್ತು. ಒಂದು ಶನಿವಾರವಾದರೂ ನಮ್ಮ ಅಡುಗೆಮನೆ ಪೂರ್ತಿ ನಮ್ಮದಾಗಿದ್ದು ನನಗೆ ನೆನಪಿಲ್ಲ. ಲೆಕ್ಕದಲ್ಲಿ ಜಾಣೆಯಾಗಿದ್ದ ನಾನು ಒಮ್ಮೆ ಕೇಳಿದೆ: "ಅತ್ತೆ, ಖಾಲಿ ಕೊಟ್ಟುಬಿಟ್ಟರೆ ಮುಗಿದುಹೋಗುತ್ತಲ್ಲ? ಹೀಗೆ ಮಾಡಿದರೆ ನಾವು ರೆಡಿ ಆಗುವುದು ಯಾವಾಗ?" ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾನ್ವೆಂಟ್‌ನಲ್ಲಿ ಇದನ್ನೇ ಹೇಳ್ಕೊಡ್ತಾರಾ? ಓಡು, ಹೊತ್ತು ಮುಳುಗ್ತಾ ಐತೆ" ಅಂದಳು.

ಹಾಗೆ ಓಡುವಾಗ ಎದುರಿಗೆ ಬರುತ್ತಿದ್ದವಳೇ ಗಿರಿಜಾ. ಯಗಟಿಯವಳು. ಅವರ ಮನೆಯಲ್ಲಿ ಕುರಿ, ತೆಂಗು. ಹೈಸ್ಕೂಲಿಗೆಂದು ಕ್ವಾರ್ಟರ್ಸಿನ ಹಿಂದಿನ ಬೀದಿಯ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋಗುತ್ತಿದ್ದಳು. ನನ್ನ ಕೈಯಲ್ಲಿ ಅವಳ ಚಿಕ್ಕಮ್ಮನ ಡಬ್ಬಿ, ಅವಳ ಕೈಯಲ್ಲಿ ನನ್ನ ಅತ್ತೆಯ ತಟ್ಟೆ. ನೀರಿನ ಟ್ಯಾಂಕಿನ ಕೆಳಗೆ ನಿಂತು ಅದಲು ಬದಲು ಮಾಡಿಕೊಂಡು, ಇಬ್ಬರೂ ಮುಚ್ಚಳ ತೆಗೆದು ಒಂದೊಂದು ತುಂಡು ಬಾಯಿಗೆ ಹಾಕಿಕೊಂಡು ಹಿಂತಿರುಗುತ್ತಿದ್ದೆವು. ನಮ್ಮ ಸ್ನೇಹ ಹೀಗೆ ಕದ್ದು ತಿಂದು ಬೆಳೆದದ್ದು.

ದೇವರು ಇನ್ನೂ ಒಂದು ಕೃಪೆ ಮಾಡಿದ. ಎಷ್ಟೋ ವರ್ಷದ ಮೇಲೆ ತರೀಕೆರೆಯ ಒಂದು ಶಾಲೆಯಲ್ಲಿ ನಾವಿಬ್ಬರೂ ಟೀಚರ್‌ಗಳಾದೆವು. ಮಾವ ತೀರಿಕೊಂಡ ಮೇಲೆ ಅತ್ತೆ ನನ್ನ ಜೊತೆಗೇ ಇದ್ದಳು. ಗಿರಿಜಾ ಕನ್ನಡದ ಜೊತೆಗೆ ಪ್ರೈವೇಟಾಗಿ ಓದಿ ಇಂಗ್ಲಿಷ್‌ನಲ್ಲೂ ಡಿಗ್ರಿ ಮಾಡಿಕೊಂಡಳು. ಇಪ್ಪತ್ತೆಂಟು ವರ್ಷದ ಹಿಂದೆ ಹತ್ತನೇ ಕ್ಲಾಸಿನ ಇಂಗ್ಲಿಷ್ ಯಾರಿಗೆ ಕೊಡುವುದು ಎಂಬ ಮಾತು ಬಂತು. ಗಿರಿಜಾ ಆಸೆಯಿಂದ ಕೇಳಿದ್ದಳು. ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್ ನನ್ನ ಅಭಿಪ್ರಾಯ ಕೇಳಿದರು. ಮೂಲೆಯಲ್ಲಿ ಗಿರಿಜಾ ನೋಟ್‌ಬುಕ್ ತಿದ್ದುತ್ತಿದ್ದಳು. ನಾನು ನಕ್ಕು, ನನ್ನ ಕಾನ್ವೆಂಟ್ ಇಂಗ್ಲಿಷ್‌ನಲ್ಲಿ, ಅದೂ ಅವಳಿಗೆ ತಿಳಿಯದಿರಲಿ ಎಂದು ಬೇಗಬೇಗ, ಹೇಳಿಬಿಟ್ಟೆ: "ಹರ್ ಇಂಗ್ಲಿಷ್ ಈಸ್ ಲೈಕ್ ಎ ಗೂಡ್ಸ್ ಟ್ರೈನ್. ಲಾಂಗ್, ನಾಯ್ಸಿ ಅಂಡ್ ಆಲ್ವೇಸ್ ಲೇಟ್."

ಹೆಡ್‌ಮಿಸ್ಟ್ರೆಸ್ ನಕ್ಕರು. ಗಿರಿಜಾಳ ಕೆಂಪು ಪೆನ್ನು ನಿಂತಿತು. ಆಮೇಲೆ ಮತ್ತೆ ಓಡಿತು. ಅವಳು ತಲೆ ಎತ್ತಲಿಲ್ಲ.

ಹತ್ತನೇ ಕ್ಲಾಸು ನನಗೇ ಬಂತು. ಗಿರಿಜಾ ಆ ಶಾಲೆ ಬಿಟ್ಟು ಅಜ್ಜಂಪುರದ ಇನ್ನೊಂದು ಶಾಲೆಗೆ ಹೋದಳು. ಸ್ಟಾಫ್ ರೂಮಿನ ಆ ಮಾತಿಗೆ ನಾಲ್ಕು ದಿನ ಮೊದಲು ಅತ್ತೆಗೆಂದು ಹುಚ್ಚೆಳ್ಳು ಚಟ್ನಿಪುಡಿ ತಂದುಕೊಟ್ಟಿದ್ದ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು.

ಶನಿವಾರಗಳು ಬಂದವು. ಅತ್ತೆಗೆ ಆಗ ಕಣ್ಣು ಮಂದ, ಹಾಸಿಗೆ ಹಿಡಿದಿದ್ದಳು. ಆದರೆ ಪಾತ್ರೆಯ ಲೆಕ್ಕ ಮಾತ್ರ ಬಾಯಲ್ಲೇ. "ಗಿರಿಜಾಳ ಡಬ್ಬಿ ಕೊಟ್ಯೇನೇ?" ಎರಡು ಶನಿವಾರ ಏನೋ ಹೇಳಿ ಹಾರಿಸಿದೆ. ಮೂರನೇ ಶನಿವಾರ, "ಕೊಟ್ಟೆ ಅತ್ತೆ" ಅಂದೆ. ಡಬ್ಬಿಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅತ್ತೆ "ಸರಿ ಬಿಡು, ಇನ್ಯಾರದೂ ಇಲ್ವಲ್ಲ" ಎಂದು ಜಪಸರ ಕೈಗೆ ತಗೊಂಡಳು. ಅದಾದ ತಿಂಗಳೊಳಗೆ ಹೋದಳು. ತನ್ನ ಮನೆಯಲ್ಲಿ ಬೇರೆಯವರ ಪಾತ್ರೆ ಒಂದೂ ಇಲ್ಲ ಎಂದು ನಂಬಿಕೊಂಡು ಹೋದಳು. ಅವಳನ್ನು ಹಾಗೆ ನಂಬಿಸಿದವಳು ನಾನು. ಈ ಮಾತನ್ನು ಪಾಪನಿವೇದನೆಯಲ್ಲೂ ನಾನು ಸರಿಯಾಗಿ ಹೇಳಿದವಳಲ್ಲ. "ಸಣ್ಣಪುಟ್ಟ ಸುಳ್ಳು" ಎಂದು ಹೋಲ್‌ಸೇಲ್‌ನಲ್ಲಿ ಸೇರಿಸಿಬಿಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕಲ್ಕಲ್ ಮಾಡಲು ಕೂತೆ. ಅದು ಕ್ರಿಸ್‌ಮಸ್ಸಿನ ತಿಂಡಿ, ಇಷ್ಟು ಮುಂಚೆ ಮಾಡುವಂತಿಲ್ಲ. ಆದರೆ ಡಬ್ಬಿ ಖಾಲಿ ಕೊಡುವಂತಿಲ್ಲ ಅನ್ನುವ ಕಾನೂನು ದೊಡ್ಡದು. ಫೋರ್ಕಿನ ಹಲ್ಲಿನ ಮೇಲೆ ಹಿಟ್ಟಿನ ಗುಳಿಗೆ ಒತ್ತಿ ಸುರುಳಿ ಮಾಡುವಾಗ ಅಭ್ಯಾಸ ತಪ್ಪಿ ಅರ್ಧ ಶಂಖ, ಅರ್ಧ ಕಪ್ಪೆಯಾದವು. ಹಿಂದಿನ ವರ್ಷ ಬ್ಯಾಂಕಿನಲ್ಲಿ ಸಿಕ್ಕಿದ ಹಳೆಯ ಟೀಚರ್ ಒಬ್ಬರು ಗಿರಿಜಾ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿದ್ದಾಳೆ ಅಂದಿದ್ದರು. ಒಂದು ವರ್ಷದಲ್ಲಿ ಏನು ಬೇಕಾದರೂ ಆಗಬಹುದು, ನಮ್ಮ ವಯಸ್ಸಿಗೆ. ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆ.

ಬೀರೂರಿನಲ್ಲಿ ಗಾಡಿ ನಿಂತದ್ದು ಹೊರಡಲೇ ಇಲ್ಲ. ಕಿಟಕಿಯಿಂದ ನಮ್ಮ ಕ್ವಾರ್ಟರ್ಸ್ ಹುಡುಕಿದೆ, ಯಾವುದೆಂದು ಗುರುತಾಗಲಿಲ್ಲ. ಎದುರು ಸೀಟಿನ ಹೆಂಗಸು ಬಾಳೆಹಣ್ಣು ಸುಲಿಯುತ್ತಾ, "ಗೂಡ್ಸ್ ಬಿಡ್ತಾ ಅವ್ರೆ ಕಣಮ್ಮಾ, ಅದು ಹೋದ್ಮೇಲೇ ನಮ್ದು" ಅಂದಳು. ಗೂಡ್ಸ್ ಗಾಡಿ ಬಂತು. ಉದ್ದವಾಗಿತ್ತು, ಸದ್ದೂ ಇತ್ತು. ನನ್ನನ್ನು ಅಲ್ಲೇ ಕೂರಿಸಿ, ತನ್ನ ಟೈಮಿಗೆ ಸರಿಯಾಗಿ ಮುಂದೆ ಹೋಯಿತು. ತೊಡೆಯ ಮೇಲಿನ ಡಬ್ಬಿ ಹಿಡಿದುಕೊಂಡು ನಾನು ಒಂದೊಂದು ವ್ಯಾಗನ್ನನ್ನೂ ನೋಡಿದೆ. ದೇವರಿಗೆ ತಮಾಷೆ ಗೊತ್ತಿಲ್ಲ ಎಂದು ಯಾರು ಹೇಳಿದವರು?

ಅಜ್ಜಂಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಇಂಗ್ಲಿಷ್ ಮಿಸ್ ಮನೆಯಾ?" ಎಂದು ಹೂವಿನವಳು ಕೈತೋರಿಸಿದಳು. ಇಂಗ್ಲಿಷ್ ಮಿಸ್! ಜಗಲಿಯ ಮೇಲೆ ಏಳೆಂಟು ಹುಡುಗಿಯರು ಪಾಠ ಗಟ್ಟಿಯಾಗಿ ಓದುತ್ತಿದ್ದರು. ನಡುವೆ ಕುರ್ಚಿಯಲ್ಲಿ, ದಪ್ಪ ಕನ್ನಡಕದ, ಪೂರ್ತಿ ನರೆತ ಗಿರಿಜಾ. ಅವಳು ನನ್ನ ಮುಖ ನೋಡಲಿಲ್ಲ. ಮೊದಲು ಕೈಯಲ್ಲಿದ್ದ ಡಬ್ಬಿ ನೋಡಿದಳು.

"ಓಹೋ. ಬಂತಾ?" ಅಂದಳು. "ಇಪ್ಪತ್ತೆಂಟು ವರ್ಷ. ಗೂಡ್ಸ್ ಗಾಡೀನೂ ಇಷ್ಟು ಲೇಟಾಗಲ್ಲ ಕಣೇ."

ಹುಡುಗಿಯರನ್ನು ಮನೆಗೆ ಕಳಿಸಿದಳು. ನಾನು ನಿಂತೇ ಇದ್ದೆ. ಬಾಯಿಗೆ ಬಂದದ್ದು "ಸಾರಿ". ಅದನ್ನು ನುಂಗಿದೆ. ಬಸ್ಸಿನಲ್ಲಿ ಕಾಲು ತುಳಿದರೂ ಸಾರಿ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಮಾಡಿದ ತಪ್ಪನ್ನು ಇಂಗ್ಲಿಷ್‌ನಲ್ಲೇ ಒರೆಸಿಬಿಡುವುದು ಬಹಳ ಸುಲಭ.

"ತಪ್ಪಾಯ್ತು ಗಿರಿಜಾ," ಅಂದೆ. "ನಿನಗೆ ತಿಳಿಯಲ್ಲ ಅಂದ್ಕೊಂಡು ಹೇಳಿದೆ. ನಿನ್ನ ಕ್ಲಾಸು ಕಿತ್ಕೊಂಡೆ."

ಅವಳು ಹುಡುಗಿಯರು ಕೂತಿದ್ದ ಜಗಲಿಯತ್ತ ಕೈ ತೋರಿಸಿದಳು. "ಕ್ಲಾಸ್ ಹೋದ್ರೆ ಹೋಯ್ತು, ನೋಡು, ಇಲ್ಲಿ ಸಿಕ್ತು. ನೀನು ಕನ್ನಡದಲ್ಲಿ ಅಂದಿದ್ರೆ ಅಲ್ಲೇ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಸಂಜೆ ಹೊತ್ಗೆ ಮುಗೀತಿತ್ತು. ಇಂಗ್ಲಿಷ್‌ನಲ್ಲಿ ಅಂದ್ಯಲ್ಲ, ನಾನು ಆ ರೂಮಲ್ಲೇ ಇಲ್ಲ ಅನ್ನೋ ಹಂಗೆ. ಅದು ಉರೀತು."

ಇನ್ನೊಂದನ್ನೂ ಹೇಳಿಬಿಡೋಣ ಅನ್ನಿಸಿ ಅತ್ತೆಗೆ ಹೇಳಿದ ಸುಳ್ಳನ್ನು ಹೇಳಿದೆ. ಗಿರಿಜಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನಾನು ಬಂದಿದ್ದೆ, ಗೊತ್ತಾ? ಅವರು ಹೋಗೋಕೆ ಒಂದು ವಾರ ಮುಂಚೆ. ನೀನು ಸ್ಕೂಲಲ್ಲಿರೋ ಹೊತ್ತು ನೋಡ್ಕೊಂಡೇ ಬಂದಿದ್ದೆ. ನನ್ನ ಕೈ ಹಿಡಿದು ಸಿಸಿಲಮ್ಮೋರು ಕೇಳಿದ್ದು ಅದೊಂದೇ. 'ಡಬ್ಬಿ ಬಂತೇನಮ್ಮಾ?' ಅಂತ."

"ನೀನೇನಂದೆ?"

"ಬಂತು ಅಂದೆ. ಖಾಲಿ ಬಂತಾ ಅಂದ್ರು. ಇಲ್ಲಮ್ಮಾ, ತುಂಬಾ ನಿಪ್ಪಟ್ಟಿತ್ತು ಅಂದೆ." ಅವಳು ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಅಷ್ಟು ಕೋಪ ಇತ್ತು ನಿನ್ನ ಮೇಲೆ. ಆದ್ರೂ ನಿನ್ನ ಸುಳ್ಳು ಕಾಯ್ಬೇಕಾಯ್ತು, ದರಿದ್ರದವ್ಳೇ."

ನಾವಿಬ್ಬರೂ ಅತ್ತೆವು ಎಂದು ಬರೆದರೆ ನೀವು ನಂಬುತ್ತೀರಿ. ನಿಜವಾಗಿ ನಾವು ನಕ್ಕೆವು, ಮೂಗು ಸೋರುವಷ್ಟು ನಕ್ಕೆವು. ಆಮೇಲೆ ಅವಳು ಮುಚ್ಚಳ ತೆಗೆದು, "ಇದೇನೇ, ಕಪ್ಪೆಮರೀನಾ?" ಎನ್ನುತ್ತಾ ಒಂದು ಕಲ್ಕಲ್ ತನ್ನ ಬಾಯಿಗೆ, ಒಂದು ನನ್ನ ಬಾಯಿಗೆ ಹಾಕಿದಳು. ನೀರಿನ ಟ್ಯಾಂಕಿನ ಕೆಳಗೆ ಹಾಕುತ್ತಿದ್ದ ಹಾಗೆ.

ಹೊರಟಾಗ ನನ್ನ ಕೈ ಹಗುರಾಗಿತ್ತು, ಒಂದು ನಿಮಿಷ ಮಾತ್ರ. ಗಿರಿಜಾ ಒಳಗೆ ಹೋಗಿ, ಅದೇ ಡಬ್ಬಿ ತೊಳೆದು ಒರೆಸಿ, ಚಟ್ನಿಪುಡಿ ಒತ್ತಿ ತುಂಬಿ ತಂದಳು. "ಬರಿಗೈಲಿ ಕಳಿಸೋದಾ? ಡಬ್ಬಿ ಮಾತ್ರ ವಾಪಸ್ ತಂದ್ಕೊಡು. ಈ ಸಲ ನಾನು ಇಪ್ಪತ್ತೆಂಟು ವರ್ಷ ಕಾಯಲ್ಲ."

ಈಗ ಆ ಡಬ್ಬಿ ಬಾಗಿಲ ಪಕ್ಕದ ಸ್ಟೂಲಿನ ಮೇಲಿದೆ. ಪುಡಿ ಮುಗಿದಿದೆ, ವಾಸನೆ ಹೊಸದು. ಅತ್ತೆಯ ಲೆಕ್ಕದಲ್ಲಿ ನಾನು ಇವತ್ತೂ ರೆಡಿ ಇಲ್ಲ. ಮನೆಯಲ್ಲಿ ಬೇರೆಯವರ ಪಾತ್ರೆ ಇದೆ. ಅತ್ತೆ ಖಾಲಿ ಪಾತ್ರೆ ಏಕೆ ಕಳಿಸುತ್ತಿರಲಿಲ್ಲ ಎಂಬುದು ಮಾತ್ರ, ಲೆಕ್ಕದಲ್ಲಿ ಜಾಣೆಯಾದ ನನಗೆ ಈಗ ಹೊಳೆಯುತ್ತಿದೆ. ಇವತ್ತು ಶನಿವಾರ. ಬೆಳಿಗ್ಗೆ ನಿಪ್ಪಟ್ಟು ಕರಿದಿದ್ದೇನೆ, ಮೊಬೈಲ್ ಚಾರ್ಜಿಗೆ ಹಾಕಿದ್ದೇನೆ, ಚಪ್ಪಲಿ ಹುಡುಕುತ್ತಿದ್ದೇನೆ. ಈ ಮಧ್ಯಾಹ್ನವೇ ಬರುವ ಮನಸ್ಸು ಮಾಡಿದರೆ ಸ್ವಾಮಿ ದಯವಿಟ್ಟು ಕಡೂರಿನ ಮನೆಯ ಬಾಗಿಲು ತಟ್ಟುತ್ತಾ ನಿಲ್ಲಬಾರದು. ನಾನು ಅಜ್ಜಂಪುರದ ದಾರಿಯಲ್ಲಿ ಸಿಗುತ್ತೇನೆ.