ಮನೆಗಳ ಜಾತಕ ಬರೆಯುತ್ತಿದ್ದ ಕಾಕಾ

ವಸಂತ ಕಾಕಾ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದರು. ಬೂಟು ಬಿಚ್ಚಿ ಜೋಡಿಸಿಟ್ಟು, ಕೋಟನ್ನು ಮೆಟ್ಟಿಲ ಕಟಕಟೆಗೆ ಹಾಕಿ, ಬಲಗೈ ನಡುಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟುವರು. ತಲೆ ಓರೆ ಮಾಡಿ ಕೇಳಿಸಿಕೊಳ್ಳುವರು. ಆಮೇಲಷ್ಟೇ ನಮ್ಮ ಕಡೆ ತಿರುಗಿ, ಎಲ್ಲಾರೂ ಆರಾಮೇನು ಅಂತ ವಿಚಾರಿಸುವರು. ತಟ್ಟಿ ತಟ್ಟಿ ಆ ಗೆಣ್ಣಿನ ಮೇಲೆ ಬಟಾಣಿ ಕಾಳಿನಷ್ಟು ಚರ್ಮ ದಪ್ಪಗಾಗಿತ್ತು. ನನ್ನ ಮಗಳು ಅವರನ್ನು ಕರೆಯುತ್ತಿದ್ದದ್ದೇ ‘ವಾಲ್ ಅಜ್ಜ’ ಎಂದು.

ಅವರ ಪರಿಚಯವಾದದ್ದು ನನ್ನ ಪೆದ್ದುತನದಿಂದ. ರೇನರ್ಸ್ ಲೇನ್ ಹತ್ತಿರ ಈ ಮನೆ ಕೊಂಡು ನಾಲ್ಕೇ ದಿನವಾಗಿತ್ತು. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಅದೇ ಕೆಂಪು ಹೆಂಚು, ಅದೇ ಮೂರು ಮಡಿಕೆಯ ಕಿಟಕಿ, ಎರಡೆರಡು ಮನೆ ಮಗ್ಗುಲಿಗೆ ಮಗ್ಗುಲು ಅಂಟಿಸಿಕೊಂಡು ನಿಂತಿವೆ. ಅಂಗಡಿಯಿಂದ ಸೊಪ್ಪು, ತೆಂಗಿನಕಾಯಿ ಹೊತ್ತುಕೊಂಡು ಬಂದವಳು ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿದ್ದೇ ತಿರುಗಿಸಿದ್ದು. ಅದು ತಿರುಗಲೊಲ್ಲದು. ಅಯ್ಯೋ ದೇವರೇ ಎಂದುಕೊಳ್ಳುತ್ತಿರುವಾಗ ಒಳಗಿನಿಂದ ಬಾಗಿಲು ತೆರೆಯಿತು. ಸ್ವೆಟರಿನ ಮೇಲೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ನನ್ನನ್ನೂ ಕೀಲಿಯನ್ನೂ ನೋಡಿದರು.

“ಕೀಲಿ ಬರೋಬರಿ ಅದ ತಂಗಿ, ಮನಿ ತಪ್ಪ್ಯದ. ನಿಂದು ಇನ್ನೆರಡು ಮನಿ ದಾಟಿ. ಒಳಗ ಬಾ, ಚಹಾ ಕುಡದ ಹೋಗು.”

ಕಾಕಾ ಧಾರವಾಡದವರು. ಅರವತ್ತರ ದಶಕದಲ್ಲಿ ಈ ಇಂಗ್ಲಿಷರ ನಾಡಿಗೆ ಬಂದು, ಒಂದು ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಕಟ್ಟಡ ವಿಭಾಗದಲ್ಲಿ ನಕಾಶೆ ಬರೆಯುತ್ತ ಮುದುಕರಾದವರು. ಹೆಂಡತಿ, ಕಾಕೂ, ತೀರಿಕೊಂಡಿದ್ದರು. ಮಗಳು ಸ್ಟ್ಯಾನ್ಮೋರಿನ ದೊಡ್ಡ ಮನೆಗೆ ಕರೆದರೂ ಹೋಗಲಿಲ್ಲ. ಆ ಮನೆಯ ಗೋಡೆ ತಟ್ಟಿದರೆ ಬರೀ ಟೊಳ್ಳು ಸದ್ದು ಬರುತ್ತದೆಂದು ಅವರ ದೂರು.

ಅಂದು ಚಹಾ ಕುಡಿಯುವಾಗಲೇ ಅವರು ಆ ಉದ್ದನೆಯ ರಟ್ಟಿನ ಪುಸ್ತಕ ತೋರಿಸಿದ್ದು. ಬೀದಿಯ ಒಂದೊಂದು ಮನೆಗೂ ಒಂದೊಂದು ಪುಟ. ಕಟ್ಟಿದಾಗ ಹೇಗಿತ್ತೋ ಅದು ಕಪ್ಪು ಶಾಯಿಯಲ್ಲಿ, ಆಮೇಲೆ ಸೇರಿಸಿದ್ದು ನೀಲಿಯಲ್ಲಿ, ಒಡೆದದ್ದು ಕೆಂಪು ಪೆನ್ಸಿಲಿನಲ್ಲಿ. ಅದಕ್ಕೆ ಅವರು ಇಟ್ಟ ಹೆಸರು ಜಾತಕ. ಕನ್ನಡದವರು ಯಾರೇ ಈ ಕಡೆ ಮನೆ ಕೊಳ್ಳಲಿ, ಮನೆ ಪರೀಕ್ಷಿಸುವ ಸರ್ವೇಯರ್ ಬಂದು ಹೋದ ಮೇಲೂ ಒಮ್ಮೆ ಕಾಕಾನನ್ನು ಕರೆಸಿ ತಟ್ಟಿಸುವುದು ರೂಢಿಯಾಗಿತ್ತು. ಬೆಂಗಳೂರಿನಿಂದ ಬಂದ ಹೊಸಬರು ವಾಸ್ತು ಕೇಳಿದರೆ ಕಾಕಾ ಮುಸಿಮುಸಿ ನಗುವರು. “ಒಂದ ನಕಾಶಿ ಹೊಳ್ಳಿಸಿ ಹೊಳ್ಳಿಸಿ ಕಟ್ಯಾರ. ಎಡಗಡೆ ಮನಿಗೆ ವಾಸ್ತು ಕೂಡಿದ್ರ ಬಲಗಡೆ ಮನಿಗೆ ಕೂಡಂಗಿಲ್ಲ. ಇಬ್ರೂ ಬದುಕ್ಯಾರಲಾ?”

ಈ ಬೀದಿಯ ಕಥೆಯನ್ನು ನಾನು ಕೇಳಿದ್ದೆಲ್ಲ ಅವರಿಂದಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಬಾಂಬಿಗೆ ಮನೆ ಕಳೆದುಕೊಂಡವರಿಗೆಂದು ದನ ಮೇಯುತ್ತಿದ್ದ ಹೊಲದಲ್ಲಿ ಇವನ್ನು ಎಬ್ಬಿಸಿದರಂತೆ. ಆಗ ಮರಕ್ಕೂ ಇಟ್ಟಿಗೆಗೂ ಬರ. ಒಂದು ತೊಲೆಯೂ ಬೇಕಾದ್ದಕ್ಕಿಂತ ದಪ್ಪವಿಲ್ಲ, ಒಂದು ಇಟ್ಟಿಗೆಯೂ ಸುಮ್ಮನೆ ಕೂತಿಲ್ಲ. ನಮಗೆ ಅಂಟಿಕೊಂಡ ಅವಳಿ ಮನೆಯ ಪ್ಯಾಮ್ ಆರು ವರ್ಷದ ಹುಡುಗಿಯಾಗಿ ಬಂದಳಂತೆ. ಅಲ್ಲಿಯವರೆಗೆ ಚಿಕ್ಕಮ್ಮನ ಮನೆಯ ಒಂದೇ ಕೋಣೆಯಲ್ಲಿ ಐದು ಜನ. ಹೊಸ ಮನೆಯ ನಲ್ಲಿಯಲ್ಲಿ ಬಿಸಿನೀರು ಬಂದಾಗ ಅವಳ ತಾಯಿ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತು ಅತ್ತುಬಿಟ್ಟಳಂತೆ. ಪ್ಯಾಮ್ ಹೇಳಿದ್ದನ್ನು ಕಾಕಾ ಅವಳ ಮನೆಯ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದರು, ಸ್ನಾನದ ತೊಟ್ಟಿಯ ಚಿತ್ರದ ಪಕ್ಕದಲ್ಲೇ.

ಇಷ್ಟೆಲ್ಲ ಕೇಳಿಸಿಕೊಂಡವಳು ನಾನು. ಆದರೂ ತಪ್ಪು ಮಾಡಿದೆ.

ಅತ್ತೆಯವರು ಮೈಸೂರಿನಲ್ಲಿ ತೇಗದ ದೇವರ ಮಂಟಪ ಮಾಡಿಸಿ ಹಡಗಿನಲ್ಲಿ ಕಳಿಸಿದರು. ಅದು ಹಿಂದಿನ ಕೋಣೆಯ ಪೂರ್ವದ ಗೋಡೆಗೆ, ಹೊಗೆ ಹೋಗಲೆಂದು ಗೋಡೆಯಿಂದ ಮುಂದೆ ಚಾಚಿ ಕಟ್ಟಿದ ಇಟ್ಟಿಗೆಯ ಚಿಮಣಿಯ ಪಕ್ಕದ ಸಂದಿಯಲ್ಲಿ ಕೂರಬೇಕು. ಅಳತೆ ಕೊಟ್ಟವಳು ನಾನೇ, ರವಿಕೆ ಅಳೆಯುವ ಟೇಪಿನಿಂದ. ಸೊಂಟದೆತ್ತರದಲ್ಲಿ ಅಳೆದಿದ್ದೆ. ಗೋಡೆಯ ಬುಡದಲ್ಲಿ ಎರಡೂ ಕಡೆ ಓಡುವ ಮರದ ಪಟ್ಟಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪಟ್ಟಿ ಕಿತ್ತರೂ ಹಳೆಯ ಗೋಡೆ ಕೆಳಗೆ ಉಬ್ಬಿತ್ತು. ಮಂಟಪ ಎರಡು ಇಂಚು ಜಾಸ್ತಿಯಾಗಿ, ಕಿಟಕಿಯ ಹತ್ತಿರ ಹೊದಿಕೆ ಹೊದ್ದು ಕೂತಿತು.

ಒಲೆಯೇ ಉರಿಯದ ಚಿಮಣಿ ಯಾಕೆ, ತೆಗೆಸಿದರೆ ಕೋಣೆಯೂ ದೊಡ್ಡದಾಗುತ್ತದೆ ಎಂದರು ನಮ್ಮವರು. ಕಾಕಾನನ್ನು ಕೇಳಿದೆ. ಅವರು ಚಿಮಣಿಯ ಮೈಯನ್ನು ಮೇಲೆ, ನಡುವೆ, ಕೆಳಗೆ ತಟ್ಟಿ ನೋಡಿದರು. ಅದು ನಮ್ಮದೊಂದೇ ಅಲ್ಲ, ಪ್ಯಾಮ್‌ನದೂ ಬೆನ್ನಿಗೆ ಅಂಟಿದೆ, ಸೂರಿನ ಮೇಲೆ ಎರಡೂ ಸೇರಿ ಒಂದಾಗಿವೆ, ಕೆಳಗಿನದನ್ನು ಒಡೆದರೆ ಮೇಲಿನ ಭಾರಕ್ಕೆ ಆಸರೆ ಇರುವುದಿಲ್ಲ ಎಂದು ಬಿಡಿಸಿ ಹೇಳಿದರು. “ಮಂಟಪ ಎರಡು ಇಂಚು ಹೆರಸು. ದೇವರಿಗೆ ಇಕ್ಕಟ್ಟಾದ್ರ ನಡೀತದ, ಮನಿಗೆ ನಡೆಯಂಗಿಲ್ಲ.”

ಅತ್ತೆ ಕಳಿಸಿದ ಮಂಟಪಕ್ಕೆ ಉಳಿ ಹಾಕಿಸುವುದೇ? ನನಗೆ ಧೈರ್ಯ ಬರಲಿಲ್ಲ. ಆ ಚಳಿಗಾಲ ಕಾಕಾ ಎರಡು ತಿಂಗಳು ಧಾರವಾಡಕ್ಕೆ ಹೋದರು. ಯಾರೋ ಹೇಳಿದ ಕೆಲಸದವನೊಬ್ಬ ಬಂದು ಎರಡೇ ದಿನದಲ್ಲಿ ಕೆಳಗಿನ ಚಿಮಣಿ ಒಡೆದು, ಬಳಿದು, ಬಣ್ಣ ಹಚ್ಚಿದ. ಮೇಲಿನದಕ್ಕೆ ಏನೂ ಆಗುವುದಿಲ್ಲ ಎಂದ. ಕೌನ್ಸಿಲ್‌ಗೆ ತಿಳಿಸಲಿಲ್ಲ. ಪ್ಯಾಮ್‌ಗೂ ಹೇಳಲಿಲ್ಲ. ಮಂಟಪ ಮಾತ್ರ ಅಲ್ಲೇ ಹುಟ್ಟಿದ ಹಾಗೆ ಕೂತಿತು.

ಕಾಕಾ ಬಂದ ಮೇಲೆ ನಾನು ಅವರನ್ನು ಮುಂದಿನ ಕೋಣೆಯಲ್ಲೇ ಕೂರಿಸತೊಡಗಿದೆ. ಮೊದಲು ಹಿಂದಿನ ಕೋಣೆಯಲ್ಲಿ, ತೋಟ ಕಾಣುವ ಹಾಗೆ ಕೂತು ಕಾಫಿ ಕುಡಿಯುವುದು ಅವರ ಅಭ್ಯಾಸ. ಅವರು ಒಮ್ಮೆ ಮುಚ್ಚಿದ ಬಾಗಿಲಿನ ಕಡೆ ನೋಡಿದರು. ಕಾಫಿ ಚಲೋ ಆಗ್ಯದ ಎಂದರು.

ಆಗಸ್ಟಿನಲ್ಲಿ ಪ್ಯಾಮ್‌ನ ಮಲಗುವ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಮಂಚದ ತಲೆದೆಸೆಯಲ್ಲೇ, ಮೇಲಿನಿಂದ ಕೆಳಗೆ. ಆ ವರ್ಷ ಮಳೆಯಿಲ್ಲದೆ ತಳಪಾಯದ ಕೆಳಗಿನ ಜೇಡಿಮಣ್ಣು ಒಣಗಿ ಎಷ್ಟೋ ಮನೆಗಳ ಗೋಡೆಗಳು ಬಿರುಕು ಬಿಟ್ಟಿದ್ದವು. ಪ್ಯಾಮ್ ಅದೇ ಇರಬೇಕೆಂದುಕೊಂಡಳು. ಬೇಲಿಯ ಆಚೆಯಿಂದ ನನ್ನನ್ನು ಕರೆದು, ನಿಮ್ಮ ಕಡೆಯೂ ಒಮ್ಮೆ ನೋಡಿಕೋ, ಮಗು ಮಲಗುವ ಕೋಣೆ ಅಲ್ಲವೇ ಎಂದಳು. ಅವಳ ಆ ಕಾಳಜಿ ನನ್ನನ್ನು ಚುಚ್ಚಿತು.

ಕಾಕಾ ಹೋಗಿ ನೋಡಿದರು. ನಾನೂ ಜೊತೆಗಿದ್ದೆ. ತಟ್ಟಿದರು, ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದರು, ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. ಇಂದಿನಿಂದಲೇ ಮುಂದಿನ ಕೋಣೆಯಲ್ಲಿ ಮಲಗು ಎಂದು ಪ್ಯಾಮ್‌ಗೆ ಹೇಳಿ, ನಮ್ಮವರನ್ನು ಕರೆಸಿ ಅವರಿಂದ ಮಂಚ ಅಲ್ಲಿಗೆ ಹಾಕಿಸಿದರು. ನಮ್ಮ ಮಗಳ ಮಂಚವನ್ನೂ ಸರಿಸಿ ಎಂದು ನಮ್ಮವರಿಗೆ ಮೆಲ್ಲಗೆ ಹೇಳಿದರು. ನಾಳೆ ಮಾತಾಡೋಣ ಎಂದು ಹೊರಟರು.

ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನಾವು ಹೊಲಿದ ಬಟ್ಟೆಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ತಿರುಗಿಸಿ ಹಿಂಬದಿಯ ಗಂಟುಗಳನ್ನೇ ನೋಡುತ್ತಿದ್ದರು. ಮರುದಿನ ಬೆಳಗ್ಗೆ ಕಾಕಾನ ಹಿತ್ತಲಿಗೆ ನಡೆದಾಗ ಆ ಸಿಸ್ಟರ್ ನನ್ನ ಬೆನ್ನ ಹಿಂದೆಯೇ ಬರುತ್ತಿದ್ದ ಹಾಗಿತ್ತು. ಕಾಕಾ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು.

“ಕಾಕಾ, ಚಿಮಣಿ ತೆಗೆಸಿಬಿಟ್ಟೆ.”

ಅವರು ಗಂಟು ಹಾಕಿ ಮುಗಿಸಿ ತಿರುಗಿದರು. “ಮುಂದಿನ ಕೋಣ್ಯಾಗ ಕಾಫಿ ಕೊಟ್ಟ ದಿನಾನ ತಿಳೀತು, ತಂಗಿ. ಮ್ಯಾಲಿಂದಕ್ಕ ಕಬ್ಬಿಣ ಕೊಡಿಸೀರಿ ಅಂದ್ಕೊಂಡೆ. ಕೇಳಬೇಕಿತ್ತು. ನಿನಗ ಬ್ಯಾಸರಾದೀತು ಅಂತ ಬಾಯಿ ಮುಚ್ಚಿಕೊಂಡ ಕೂತೆ. ಅದು ನನ್ನ ತಪ್ಪು.” ಕೈ ಝಾಡಿಸಿಕೊಂಡರು. “ನಡಿ. ಪ್ಯಾಮ್‌ಗ ನೀನ ಹೇಳಬೇಕು. ನಾ ಮಗ್ಗಲದಾಗ ನಿಂದರ್ತೀನಿ.”

ಪ್ಯಾಮ್ ಪೂರ್ತಿ ಕೇಳಿಸಿಕೊಂಡಳು. ಈ ವರ್ಷ ನಿಮ್ಮ ಪೂಜೆಯ ಗಂಟೆ ಯಾಕೆ ಅಷ್ಟು ಹತ್ತಿರ ಕೇಳುತ್ತದೆಂದು ಈಗ ತಿಳಿಯಿತು ಎಂದಳು. ಎದ್ದು ಕೆಟಲ್ ಇಟ್ಟಳು. ಚಹಾ ಎರಡೇ ಲೋಟ ಬಂತು, ಅವಳಿಗೂ ಕಾಕಾಗೂ. ಆಮೇಲೆ ಒಂದೂವರೆ ತಿಂಗಳು ಅವಳು ಬೇಲಿಯ ಹತ್ತಿರ ಬರಲಿಲ್ಲ. ಕಾಕಾ ಅಂದೇ ತಮಗೆ ಗೊತ್ತಿದ್ದ ಎಂಜಿನಿಯರನ್ನು ಕರೆಸಿ, ಮೇಲಿನ ಚಿಮಣಿಗೆ ಕಬ್ಬಿಣದ ಊರೆ ಕೊಡಿಸಿದರು. ಕೌನ್ಸಿಲ್‌ನವರ ಮುಂದೆ ನಾನೇ ನಿಂತು ಎಲ್ಲವನ್ನೂ ಹೇಳಿದೆ. ಊರೆಯ ಜಾಗದಲ್ಲಿ ಕಾಯಂ ಆಗಿ ಕಬ್ಬಿಣದ ತೊಲೆ ಕೂತಿತು, ಪ್ಯಾಮ್‌ನ ಗೋಡೆಗೆ ಗಿಲಾವು ಆಯಿತು. ಅಕ್ಟೋಬರಿನ ಒಂದು ದಿನ ಬೇಲಿಯ ಮೇಲೆ ಒಂದು ಬುಟ್ಟಿ ಸೇಬು ಕಂಡಾಗ ನಾನು ಅಲ್ಲೇ ನಿಂತು ಕಣ್ಣೊರೆಸಿಕೊಂಡೆ.

ಅಂದಿನಿಂದ ಕಾಕಾ ಮತ್ತೆ ಹಿಂದಿನ ಕೋಣೆಯಲ್ಲಿ ಕಾಫಿ ಕುಡಿದರು. ದೇವರ ತಲೆಯ ಮೇಲೆ ಕಬ್ಬಿಣ ಹೊರಿಸಿದ ಮೊದಲ ಹೆಣ್ಣುಮಗಳು ನೀನೇ ಎಂದು ಕಾಡಿಸುವರು. ಆ ಬೇಸಿಗೆಯ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ. ಆದರೂ ನನಗೊಂದು ಅಳುಕಿತ್ತು. ಜಾತಕದಲ್ಲಿ ನಮ್ಮ ಮನೆಯ ಪುಟಕ್ಕೆ ಕೆಂಪು ಪೆನ್ಸಿಲು ಬಿದ್ದಿರಲೇಬೇಕು. ಮುಂದೆ ಈ ಮನೆ ಕೊಳ್ಳುವವರೆಲ್ಲ ನನ್ನ ಕೆಲಸವನ್ನು ಓದುತ್ತಾರೆ. ತೋರಿಸಿ ಎಂದು ಕೇಳಲು ನಾಚಿಕೆ.

ಕಳೆದ ಚಳಿಗಾಲದಲ್ಲಿ ಕಾಕಾ ಹೋಗಿಬಿಟ್ಟರು. ಹಿಂದಿನ ದಿನ ಮಧ್ಯಾಹ್ನ ನಮ್ಮಲ್ಲಿ ಅವಲಕ್ಕಿ ತಿಂದು, ಹೋಗುವಾಗ ಬಾಗಿಲ ಪಕ್ಕದ ಗೋಡೆಯನ್ನು ತಟ್ಟಿ ಹೋಗಿದ್ದರು. ಸ್ಟ್ಯಾನ್ಮೋರಿನ ಮಗಳು ಮನೆ ಖಾಲಿ ಮಾಡುವಾಗ ಆ ರಟ್ಟಿನ ಪುಸ್ತಕವನ್ನು ನನ್ನ ಕೈಗಿಟ್ಟರು. ಅಪ್ಪ ನಿಮಗೇ ಕೊಡು ಅಂದಿದ್ರು ಎಂದರು.

ಎರಡು ದಿನ ತೆರೆಯಲಿಲ್ಲ. ಮೂರನೆಯ ದಿನ ಹಿಂದಿನ ಕೋಣೆಯಲ್ಲಿ ಕೂತು ನಮ್ಮ ಮನೆಯ ಪುಟ ಹುಡುಕಿದೆ. ಕಪ್ಪು ಗೆರೆಗಳ ನಡುವೆ ಚಿಮಣಿಯಿದ್ದ ಜಾಗ ಕೆಂಪಾಗಿತ್ತು. ಅದರ ಮೇಲೆ ನೀಲಿಯಲ್ಲಿ ತೊಲೆ, ಅಳತೆಯ ಸಮೇತ. ಪಕ್ಕದ ಅಂಚಿನಲ್ಲಿ, ಪ್ಯಾಮ್‌ನ ತಾಯಿಯ ಮಾತು ಬರೆದಿದ್ದರಲ್ಲ, ಅದೇ ಸಣ್ಣ ಅಕ್ಷರದಲ್ಲಿ ಒಂದು ಸಾಲು:

“ತಾನಾಗೇ ಬಂದು ಹೇಳಿದಳು. ಮನಿ ಗಟ್ಟಿ ಅದ.”